ಒಂಬತ್ತನೇ ಹಾಡು

ಮಾರ್ಚ್ ೧೧, ಮಂಗಳವಾರ

 ಅಂಗಡಿ ಬಾಗಿಲು ಹಾಕಿ ಬಂದವನೇ ಬರೆಯಲು ಕೂತಿದ್ದೇನೆ.

ಸಂಜೆ ಅಕ್ಕನ ಮಗಳು ಅಂಗಡಿಗೆ ಬಂದು, ನನಗೆ ಪ್ರಾಣವಾದ ಹಳೆಯ ರಾಕ್ ಬ್ಯಾಂಡನ್ನು ಯಾವ ಆಲ್ಬಮ್ಮಿನಿಂದ ಕೇಳಲು ಶುರು ಮಾಡಬೇಕೆಂದು ಕೇಳಿದಳು. ಪ್ಯಾಂಟಿಗೆ ಜಿಪ್ ಹೊಲಿಯುತ್ತಿದ್ದವನು ಮೆಷಿನ್ ನಿಲ್ಲಿಸಿ, ಮೂವತ್ತು ವರ್ಷಗಳಿಂದ ಎಲ್ಲರಿಗೂ ಬಿಗಿಯುವ ಭಾಷಣವನ್ನೇ ಬಿಗಿದೆ.

"ಮೂರನೇದ್ರಿಂದ ಶುರು ಮಾಡು. ಮೊದಲೆರಡು ಬರೀ ಗದ್ದಲ. ಮೂರನೇದ್ರ ಕೊನೇಲಿ ಒಬ್ಬಳು ಹೆಂಗಸು ಬರೀ ಗಿಟಾರ್ ಹಿಡ್ಕೊಂಡು ಹಾಡ್ತಾಳೆ. ಒಂಬತ್ತನೇ ಹಾಡು. ಅದನ್ನ ಕೇಳದೆ ಇದ್ದೋರು ಏನೂ ಕೇಳಿಲ್ಲ."

ಅವಳು ಫೋನಿನಲ್ಲಿ ಹುಡುಕಿದಳು. "ಮಾಮ, ಇದ್ರಲ್ಲಿ ಎಂಟೇ ಹಾಡು ಇರೋದು."

ನಿನ್ನ ಫೋನಿಗೇ ತಲೆ ಕೆಟ್ಟಿದೆ ಎಂದು, ಅಕ್ಕ ಕಾಲೇಜಿನಲ್ಲಿದ್ದಾಗ ಆ ಆಲ್ಬಮ್ಮನ್ನು ನನಗೆ ರೆಕಾರ್ಡ್ ಮಾಡಿಕೊಟ್ಟ ಕ್ಯಾಸೆಟ್ಟನ್ನೇ ಹಾಕಿದೆ. ಒಂಬತ್ತನೆಯದು ಬಂತು. ಎರಡು ಸಾಲು ಕೇಳಿದ್ದೇ ಹುಡುಗಿ ಬೆಚ್ಚಿ ನನ್ನ ಮುಖ ನೋಡಿದಳು.

"ಮಾಮ, ಇದು ಅಮ್ಮ! ನನ್ನ ಮಲಗಿಸೋಕೆ ಇದನ್ನೇ ಹಾಡ್ತಿದ್ಲು."

ಅಕ್ಕನಿಗೆ ಫೋನ್ ಮಾಡಿದೆ. ಅವಳು ನಕ್ಕಳು.

"ಟೇಪ್ ಸ್ವಲ್ಪ ಉಳಿದಿತ್ತು ಕಣೋ. ನಾನೇ ಕಟ್ಟಿದ ಹಾಡು ತುಂಬಿಸ್ದೆ. ಹೇಗಿದೆ ಅಂತ ಹೇಳ್ತೀಯೇನೋ ಅಂತ ಒಂದು ವರ್ಷ ಕಾದೆ. ನೀನು ತುಟಿಪಿಟಿಕ್ ಅನ್ಲಿಲ್ಲ. ಆಮೇಲೆ ಗಿಟಾರ್ ಮಾರಿಬಿಟ್ಟೆ, ಬಿಡು."

ಆ ಹಾಡು ಎಷ್ಟು ಚೆನ್ನಾಗಿದೆಯೆಂದು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ. ಅವಳೊಬ್ಬಳಿಗೆ ಮಾತ್ರ ಹೇಳಲಿಲ್ಲ. ಕ್ಯಾಸೆಟ್ ಕೊಟ್ಟವಳೇ ಅವಳಲ್ಲವೇ, ಅವಳಿಗೆ ಗೊತ್ತಿಲ್ಲದ್ದು ನಾನೇನು ಹೇಳುವುದು ಎಂದುಕೊಂಡಿದ್ದೆ.