ಸ್ಟೀಮ್ ಪ್ರೆಸ್ಸಿನ ಪಕ್ಕದ ಅಕ್ಕ

ಅಕ್ಕನಿಗೆ ತಮ್ಮನ ನಮಸ್ಕಾರ,

ಒಂದೇ ಲಾಂಡ್ರಿಯಲ್ಲಿ ದುಡಿಯುತ್ತಾ ನಿನಗೆ ಪತ್ರ ಬರೆಯುವುದು ನನಗೂ ನಗು ತರಿಸುತ್ತದೆ. ಆದರೆ ಡಾಕ್ಟರ ಮಾತು ತೆಗೆದ ಕೂಡಲೇ ನೀನು ಸ್ಟೀಮ್ ಪ್ರೆಸ್ಸನ್ನು ಬುಸ್ಸೆನ್ನಿಸುತ್ತೀಯ. ಎಂಥ ಗಿರಾಕಿಯನ್ನೂ ಮಾತಿನಲ್ಲೇ ಕಟ್ಟಿಹಾಕುವ ನಾನು ಆ ಹಬೆಯ ಮುಂದೆ ಸೋತಿದ್ದೇನೆ.

ಬೇಸಿಗೆಯಲ್ಲಿ ಕೆಲಸದವರೆಲ್ಲ ಆ ಪ್ರೆಸ್ಸಿನಿಂದ ದೂರ ಓಡುತ್ತಾರೆ. ನೀನು ಮಾತ್ರ ಸ್ವೆಟರ್ ಹಾಕಿಕೊಂಡು ಅದಕ್ಕೆ ಅಂಟಿಕೊಂಡೇ ನಿಲ್ಲುತ್ತೀಯ. "ನಮ್ಮಕ್ಕನಿಗೆ ಕೆಲಸ ಅಂದ್ರೆ ಹುಚ್ಚು" ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಂಡೆ. ಅದು ಹುಚ್ಚಲ್ಲ, ಥೈರಾಯ್ಡ್ ಕುಂದಿದ್ದರಿಂದ ಬಂದ ಚಳಿ ಎಂದು ರಕ್ತಪರೀಕ್ಷೆ ಆದ ಮೇಲೆ ತಿಳಿಯಿತು.

"ಸ್ವಲ್ಪ ಕಮ್ಮಿ ಅಂತೆ ಅಷ್ಟೇ, ಸ್ವಲ್ಪಕ್ಕೆಲ್ಲ ಯಾರು ಸಾಯ್ತಾರೋ?" ಅಂದೆಯಲ್ಲ, ಡಾಕ್ಟರು ಮುಂದಿನ ಮಾತು ಹೇಳುವಷ್ಟರಲ್ಲಿ ನೀನು ಚಪ್ಪಲಿ ಮೆಟ್ಟಿ ಹೊರಟಿದ್ದೆ. ಥೈರಾಯ್ಡ್ ಕುಂದಿದರೆ ಹೃದಯವೂ ಕೆಡಬಹುದು ಎಂದು ಅವರು ಆಮೇಲೆ ನನಗೆ ಹೇಳಿದರು. ಸ್ವಲ್ಪ ಕುಂದಿದವರಿಗೆಲ್ಲ ಕೆಡುವುದಿಲ್ಲವಂತೆ. ಆದರೆ ನಿನ್ನ ಕೊಲೆಸ್ಟ್ರಾಲ್ ಏರಿದೆ, ಅಮ್ಮ ಹೋದದ್ದೂ ಹೃದಯದಿಂದಲೇ. ನೀನು ಬಟ್ಟೆಗಂಟು ಇಳಿಸಿ ಮೆಟ್ಟಿಲ ಮಧ್ಯೆ ಏದುಸಿರು ಬಿಡುವುದನ್ನು ನಾನು ನೋಡಿದ್ದೇನೆ. ಹೀಗಿರುವಾಗ ಹೃದಯ ಪರೀಕ್ಷೆ ಮಾಡಿಸದೆ ಬಿಡಬಾರದಂತೆ.

ಗುರುವಾರ ಅಂಗಡಿಗೆ ರಜೆ. ಚಾದರಗಳು ಶುಕ್ರವಾರವೇ ಸಿಗುವುದು ಎಂದು ಹೋಟೆಲಿನವರಿಗೆ ಹೇಳಿಯಾಯಿತು. ಬೆಳಿಗ್ಗೆ ನಿನ್ನ ಮನೆ ಮುಂದೆ ಗಾಡಿ ತಂದು ನಿಲ್ಲಿಸುತ್ತೇನೆ. ನೀನು ಹತ್ತುವವರೆಗೂ ಹಾರನ್ ನಿಲ್ಲಿಸುವುದಿಲ್ಲ. ನಿನ್ನ ಅಕ್ಕಪಕ್ಕದವರ ಬಾಯಿ ನಿನಗೇ ಗೊತ್ತು. ದಾರಿಯುದ್ದಕ್ಕೂ ನನ್ನನ್ನು ಬೈಯಿ. ಇನ್ನೂ ಬಹಳ ವರ್ಷ ನಿನ್ನಿಂದ ಬೈಸಿಕೊಳ್ಳುವ ಆಸೆ ಇರುವುದಕ್ಕೇ ಕರೆದೊಯ್ಯುತ್ತಿದ್ದೇನೆ.

ಹಟದಲ್ಲಿ ನಿನ್ನನ್ನೇ ಹೋಲುವ,
ತಮ್ಮ