ನಾನು ಬಿಚ್ಚಗೊಡದ ದಾರ

ಕಾಕಾ,

ನಿಮ್ಮ ಮಗಳು ಸುಜಾತಾ ಬರೆಯುತ್ತಿದ್ದೇನೆ. ನಾನು ನಿಮ್ಮ ಅಣ್ಣನ ಮಗಳು, ಆದರೆ ರಾಯಬಾಗದ ನಿಮ್ಮ ರಿಪೇರಿ ಅಂಗಡಿಗೆ ಬಂದವರಿಗೆಲ್ಲ ನೀವು “ನನ್ನ ಮಗಳರಿ” ಎಂದೇ ಹೇಳುತ್ತಿದ್ದಿರಿ. ಒಂದು ಫೋನ್ ಮಾಡಿ ಹೇಳಿಬಿಡಬೇಕಾಗಿದ್ದ ಮಾತನ್ನು ಈಗ ಹೀಗೆ ಕಾಗದದ ಮೇಲೆ ಬರೆಯಬೇಕಾಗಿದೆ.

ದಿಗ್ಗೇವಾಡಿಯ ನಮ್ಮ ಹಾಲಿನ ಡೇರಿಯ ಕಂಪ್ಯೂಟರಿಗೆ ನೀವು ಹೊಸ ಹಾರ್ಡ್‌ಡಿಸ್ಕ್ ಹಾಕಿದ ದಿನ ನೆನಪಿದೆಯೇ? ಆಗಲೇ ನಿಮ್ಮ ಕೈ ನಡುಗುತ್ತಿತ್ತು. ಒಂದೊಂದು ಸ್ಕ್ರೂ ಕೂರಿಸಲೂ ಹೊತ್ತು ಹಿಡಿಯಿತು. ಒಳಗಿನ ವೈರುಗಳನ್ನು ಸಡಿಲವಾಗಿ ಬಿಟ್ಟು, “ಇವನ್ನ ಎಳದು ಕಟ್ಟಬ್ಯಾಡ ಯವ್ವಾ” ಅಂದಿರಿ. ನಾನು ಹೂಂ ಅಂದೆ. ಹೂಂ ಅನ್ನುವುದಕ್ಕೇನು!

ಖಂಡೇನವಮಿಯ ಆಯುಧಪೂಜೆಗೆ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಧೂಳು ಹೊಡೆದೆ. ಒಳಗೂ ಪೂಜೆಯಾಗಲಿ ಎಂದು ವೈರುಗಳನ್ನೆಲ್ಲ ಜಡೆ ಹಾಕಿದ ಹಾಗೆ ಬಿಗಿದು, ಅರಿಶಿನದ ದಾರ ಸುತ್ತಿ, ಕುಂಕುಮ ಹಚ್ಚಿದೆ. ನೋಡಿದವರು ಹೊಗಳಿದರು, ನಾನೂ ಉಬ್ಬಿದೆ. ಶುರುವಾದದ್ದು ಅದಾದ ಮೇಲೆಯೇ. ಒಂದು ದಿನ ಚೆನ್ನಾಗಿ ನಡೆಯುವುದು, ಮರುದಿನ ನಾನು ಹಾಲಿನ ಲೆಕ್ಕ ಬರೆಯುತ್ತಿರುವಾಗಲೇ ನಿಂತು, ಡಿಸ್ಕ್ ಓದಲಾಗುತ್ತಿಲ್ಲ ಎಂದು ತೋರಿಸುವುದು. ಹಾಲು ಹಾಕಲು ಸಾಲಿನಲ್ಲಿ ನಿಂತವರ ಬೈಗುಳ ನನಗೆ.

ನೀವು ಡಿಸ್ಕನ್ನು ಅಂಗಡಿಗೆ ಒಯ್ದು ನಾಲ್ಕು ದಿನ ನಡೆಸಿ ನೋಡಿದಿರಿ. ಅಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಮರಳಿ ತಂದು ಕೂರಿಸುವಾಗ ನಿಮ್ಮ ಬೆರಳು ಆ ದಾರದ ಮೇಲೆ ಹೋಯಿತು.

“ಇದನ್ನೊಮ್ಮೆ ಬಿಚ್ಚಲೇನವಾ?”

“ಪೂಜಿ ಮಾಡಿದ್ದೈತ್ರಿ ಕಾಕಾ. ಬಿಚ್ಚಬ್ಯಾಡ್ರಿ.”

ನೀವು ಕೈ ಹಿಂದಕ್ಕೆ ತೆಗೆದುಕೊಂಡಿರಿ. ಹಾಗೇಕೆ ಅಂದೆನೋ... ದೇವರ ಭಯವೋ, ನನ್ನ ಕೈಕೆಲಸದ ಜಂಬವೋ?

ಅದೇ ಸಂಜೆ, ನೀವಿನ್ನೂ ಅಲ್ಲಿರುವಾಗಲೇ, ಮತ್ತೆ ನಿಂತಿತು. ನನ್ನ ಬಾಯಿ ಎಂಥದೆಂದು ನಿಮಗೆ ಗೊತ್ತೇ ಇದೆ. ಸಾಲಿನವರೆಲ್ಲ ಕೇಳುವಂತೆ ಅಂದುಬಿಟ್ಟೆ: “ನಿಮ್ಮ ಕೈ ನಡಗತಾವ ಕಾಕಾ. ಡಿಸ್ಕ್ ಎಲ್ಲೋ ಬಡಿಸೀರಿ. ಇನ್ನ ಸಾಕ್ ಮಾಡ್ರಿ.” ನೀವು ಚೀಲ ಹೆಗಲಿಗೆ ಹಾಕಿಕೊಂಡು ಹೋದಿರಿ. ನಾನು ತಡೆಯಲಿಲ್ಲ. ಆಮೇಲೆ ಎರಡೇ ತಿಂಗಳಲ್ಲಿ ನೀವು ತೀರಿಕೊಂಡಿರಿ.

ಚಿಕ್ಕೋಡಿಯಿಂದ ಬೇರೆ ಡಿಸ್ಕ್ ತರಿಸಿದೆವು. ಅದನ್ನು ಹಾಕಲು ಬಂದವನಿಗೂ ನಾನು ದಾರ ಮುಟ್ಟಗೊಡಲಿಲ್ಲ. ಅದೂ ಹಾಗೇ ನಿಲ್ಲತೊಡಗಿತು. ಎರಡು ಡಿಸ್ಕಿಗೂ ಒಂದೇ ರೋಗ ಹೇಗೆ ಬಂದೀತು? ಕಳೆದ ವಾರ ಕೊನೆಗೂ ದಾರ ಕತ್ತರಿಸಿದೆ. ಡಿಸ್ಕಿನಿಂದ ಬೋರ್ಡಿಗೆ ಹೋಗುವ ಚಪ್ಪಟೆ ವೈರು ನಾನು ಬಿಗಿದಲ್ಲೇ ಮಡಚಿಕೊಂಡು ಒಳಗೆ ಮುರಿದಿತ್ತು. ಬೆರಳು ತಾಗಿದರೆ ಡಿಸ್ಕ್ ಮಾಯ, ಬಿಟ್ಟರೆ ಹಾಜರು. ಹಾಲಿನ ಕ್ಯಾನನ್ನು ಕಟ್ಟೆಗೆ ಕುಕ್ಕಿದಾಗಲೂ ಅದೇ ಆಗುತ್ತಿತ್ತು. ಹೊಸ ವೈರು ಹಾಕಿ, ಡ್ರಾಯರಿಗೆ ಎಸೆದಿದ್ದ ನಿಮ್ಮ ಡಿಸ್ಕನ್ನೇ ಮತ್ತೆ ಜೋಡಿಸಿದೆ. ಇಲ್ಲಿಯವರೆಗೆ ಒಮ್ಮೆಯೂ ನಿಂತಿಲ್ಲ.

ಕಾಕುಗೆ ಹೇಳಲು ನಿಮ್ಮ ಮನೆಗೆ ಓಡಿದೆ. ಕೇಳಿ ಅವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. “ಆವತ್ತ ಬಂದವ್ರು ಮತ್ತ ಸ್ಕ್ರೂಡ್ರೈವರ್ ಮುಟ್ಟಲಿಲ್ಲ ಬೇ. ಕೈ ನೋಡಕೋತ ಕುಂದ್ರತಿದ್ರು. ಹುಡುಗಿ ಖರೇನ ಹೇಳ್ಯಾಳ, ನಾನ ಕೆಡಿಸೀನಿ ಅಂತಿದ್ರು” ಅಂದರು. ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ನೀವು ನನ್ನನ್ನು ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ನನ್ನ ಮಾತನ್ನು ನಂಬಿಬಿಟ್ಟಿರಲ್ಲ ಕಾಕಾ!

ಇವತ್ತು ಬೆಳಿಗ್ಗೆ ಡೇರಿಯಲ್ಲಿ ಎಲ್ಲರ ಮುಂದೆ ಆ ವೈರನ್ನು ಹಿಡಿದು ನಿಂತೆ. “ನಮ್ಮ ಕಾಕಾಂದು ಏನೂ ತಪ್ಪಿರಲಿಲ್ರಿ. ಕೆಡಿಸಿದಾಕಿ ನಾನು” ಅಂದೆ. ಎಮ್ಮೆ ಹಾಲು ತರುವ ಯಲ್ಲವ್ವ ಕೇಳಿದಳು: “ಅಂವ ಇದ್ದಾಗ ಹೇಳಬಾರದಿತ್ತೇನ ಬೇ?”

ತಲೆ ತಗ್ಗಿಸಿ ಅವಳ ಹಾಲು ಬರೆದುಕೊಂಡೆ. ನಿಮ್ಮ ಡಿಸ್ಕಿನಲ್ಲೇ ಬರೆದೆ, ಕಾಕಾ.

ನಿಮ್ಮ
ಸುಜಾತಾ