ಕಪ್ಪು ಶಾಯಿಯ ಐದನೆಯ ಸಾಲು

ಚಿತ್ರದುರ್ಗದ ಮೇಲೂರು,
ಉಳಿಕೆ ತಿಂಗಳ ನಾಲ್ಕನೆಯ ದಿನ, ೨೨೩೧

ಹೈಸ್ಪೀಡ್ ಕ್ಯಾಮೆರಾದ ಪೆಟ್ಟಿಗೆಯಲ್ಲಿ ಚೀಟಿ ಬರೆದಿಟ್ಟ ಪುಣ್ಯಾತ್ಮರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಉಳಿಕೆ ಎಂಬ ತಿಂಗಳಿಲ್ಲವೆಂದು ಬಲ್ಲೆ. ನಾವು ವರ್ಷವನ್ನು ಇಪ್ಪತ್ತೆಂಟು ದಿನದ ತಿಂಗಳುಗಳಾಗಿ ಹಂಚಿಕೊಂಡಾಗ ಹದಿಮೂರನೆಯದೊಂದು ಮಿಕ್ಕಿತು. ಅದಕ್ಕೆ ಬೇರೆ ಹೆಸರು ಹುಡುಕುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಹಳೆಯ ಔಷಧಿ ಬಾಟಲಿಗಳ ಮೇಲಿನ ಸೂಚನೆಗಳಿಂದ. ನಡುವೆ ಎಲ್ಲಾದರೂ ‘ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ’ ಎಂಬ ದನಿ ಬಂದರೆ ನಕ್ಕು ಮುಂದೆ ಓದಿ. ನನ್ನ ಹೆಸರು ಪಾಲಯ್ಯ. ಊರಿನ ಹಳೆವಸ್ತು ಕೋಣೆಯನ್ನು ನೋಡಿಕೊಳ್ಳುವವನು ನಾನೇ.

ನಮ್ಮ ಊರು ಅರ್ಧ ಬೆಟ್ಟದ ಮೇಲಿದೆ, ಅರ್ಧ ಕೆಳಗಿದೆ. ಎರಡರ ನಡುವೆ ತೂಗುಬಂಡಿ ಓಡಾಡುತ್ತದೆ. ಅದು ಉಕ್ಕಿನ ಹಗ್ಗಕ್ಕೆ ಜೋತುಬಿದ್ದ, ಮೂವತ್ತು ಜನ ಕೂರುವ ಡಬ್ಬಿ. ಶಾಲೆಯ ಮಕ್ಕಳು, ಮೊಸರಿನ ಗಡಿಗೆಯವರು, ಮದುವೆ ದಿಬ್ಬಣ, ಬಾಣಂತಿ, ಎಲ್ಲರಿಗೂ ಅದೇ ದಾರಿ. ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡದ ಮನುಷ್ಯನನ್ನು ನಾನಂತೂ ಕಂಡಿಲ್ಲ. ಮೇಲಿನ ನಿಲ್ದಾಣದಲ್ಲಿ ಸನ್ನೆಕೋಲು ಎಳೆದು ಬಂಡಿಯನ್ನು ತಡೆದು ನಿಲ್ಲಿಸುವವಳನ್ನು ತಡೆಗಾತಿ ಎನ್ನುತ್ತೇವೆ. ನನ್ನ ಹೆಂಡತಿ ಬೊಮ್ಮಕ್ಕ ಇಪ್ಪತ್ತಾರು ವರ್ಷದಿಂದ ತಡೆಗಾತಿ. ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಸೂರ್ಯ ನೆತ್ತಿಗೆ ಬಂದಾಗ ಜಾಗಟೆ ಬಾರಿಸುತ್ತಾರೆ. ಊರಿನ ಬ್ಯಾಟರಿಗಳು ಕಾದು ಸಿಡಿಯಬಾರದೆಂದು ಎಲ್ಲರೂ ಕೈಗೆ ಸಿಕ್ಕ ಸ್ವಿಚ್ಚು ಆರಿಸಿ, ವೈರು ಕಿತ್ತು, ಒಂದು ತಾಸು ಸುಮ್ಮನಿರುತ್ತೇವೆ. ಇದಕ್ಕೆ ತಂಪುಹೊತ್ತು ಎಂದು ಹೆಸರು. ಮಕ್ಕಳು ಇದನ್ನು ಅಮ್ಮ ಅನ್ನುವ ಮೊದಲೇ ಕಲಿಯುತ್ತವೆ. ಆಮೇಲೆ ಜಾಗಟೆ ಕೇಳಿದರೆ ಸಾಕು, ಕೈ ತಾನಾಗಿಯೇ ಹೋಗುತ್ತದೆ.

ಹೋದ ತಿಂಗಳು ನಿಲ್ದಾಣಕ್ಕೆ ಬಂದ ಬಂಡಿ ನಿಲ್ಲದೆ ಹನ್ನೊಂದು ಮಾರು ಹಿಂದಕ್ಕೆ ಜಾರಿತು. ಮೂವರ ಕೈ ಮುರಿಯಿತು. ತಡೆಗಾತಿ ಸನ್ನೆಕೋಲನ್ನು ತಡವಾಗಿ ಎಳೆದಳೆಂದು ನೆರೆಕೂಟ, ಅಂದರೆ ನಮ್ಮ ಪಂಚಾಯಿತಿ, ಹೇಳಿತು. ತಪ್ಪು ಖಚಿತವಾದರೆ ಅವಳು ಮತ್ತೆಂದೂ ಸನ್ನೆಕೋಲು ಮುಟ್ಟುವಂತಿಲ್ಲ. ಅವಳು ಮೊದಲ ಎರಡು ದಿನ ಜಗಳವಾಡಿದಳು. ಮೂರನೆಯ ದಿನದಿಂದ ಊಟ ಬಿಟ್ಟು, ಅಂಗೈ ನೋಡಿಕೊಳ್ಳುತ್ತಾ ಕೂತಳು. ಊರು ಏನೇ ಅಂದುಕೊಳ್ಳಲಿ ಎಂದು ನಾನು ತಡೆದುಕೊಂಡೇನು, ಅವಳೇ ತನ್ನ ಕೈಯನ್ನು ಅನುಮಾನಿಸುವುದನ್ನು ನೋಡಲಾಗಲಿಲ್ಲ. ನಾನು ನೆರೆಕೂಟದ ಕಾಲಿಗೆ ಬಿದ್ದು ಒಂದೇ ಒಂದು ಮರುಪರೀಕ್ಷೆಗೆ ಒಪ್ಪಿಗೆ ತಂದೆ. ಖಾಲಿ ಬಂಡಿಗೆ ಮರಳು ಮೂಟೆ ತುಂಬಿ, ಅವಳೇ ತಡೆಯಬೇಕು. ಆದರೆ ಸನ್ನೆಕೋಲು ಎಳೆದಾಗ ತಡೆಯ ಕೊಕ್ಕೆ ಚಕ್ರದ ಹಲ್ಲಿಗೆ ಕಚ್ಚುವುದು ರೆಪ್ಪೆ ಬಡಿಯುವುದಕ್ಕಿಂತ ಬೇಗ. ಕೈ ಮೊದಲೋ ಜಾರಿದ್ದು ಮೊದಲೋ ಎಂದು ಯಾವ ಕಣ್ಣು ಹೇಳೀತು?

ಆಗ ನೆನಪಾದದ್ದು ನಿಮ್ಮ ಪೆಟ್ಟಿಗೆ. ಬಂಡೆಯ ಬಿರುಕಿನ ಉಗ್ರಾಣದಲ್ಲಿ, ಮೇಣ ಹಚ್ಚಿದ ಮುಚ್ಚಳದ ಕೆಳಗೆ, ಅದು ತೇವ ಕಾಣದೆ ಇನ್ನೂರು ವರ್ಷ ಕೂತಿತ್ತು. ಒಳಗೆ ರೆಪ್ಪೆ ಬಡಿಯುವುದರೊಳಗೆ ನೂರಾರು ಚಿತ್ರ ಹಿಡಿಯುವ, ಕಲ್ಲಿನಷ್ಟು ಭಾರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಅಂಗೈಯಗಲದ ಪರದೆ, ಮತ್ತು ಟೀ ಕಲೆ ಬಿದ್ದ ನಿಮ್ಮ ಚೀಟಿ. ನಾಲ್ಕು ಸಾಲು ನೀಲಿ ಶಾಯಿ, ಐದನೆಯದು ಕಪ್ಪು. ನಿಮ್ಮ ಬ್ಯಾಟರಿಗಳು ಸತ್ತಿದ್ದವು. ಮೊದಲ ಸಾಲಿನಲ್ಲಿ ಇಪ್ಪತ್ತನಾಲ್ಕು ವೋಲ್ಟು, ಕೆಂಪು ವೈರು ಪ್ಲಸ್ಸಿಗೆ ಎಂದು ಬರೆದಿದ್ದಿರಿ. ಹಾಗೇ ಹೊಸತು ಮಾಡಿಸಿದೆ. ಜಾಣನಂತೆ ಸ್ಟ್ಯಾಂಡನ್ನು ತಡೆಯಂತ್ರದ ಕಟ್ಟೆಯ ಮೇಲೆಯೇ ನಿಲ್ಲಿಸಿದ್ದೆ. ‘ಯಂತ್ರ ನಿಂತ ನೆಲದಲ್ಲಿ ಕ್ಯಾಮೆರಾ ಬೇಡ, ಎರಡೂ ಒಟ್ಟಿಗೆ ನಡುಗುತ್ತವೆ’ ಎಂಬ ಎರಡನೆಯ ಸಾಲು ಓದಿ ನಾಚಿಕೆಯಾಗಿ, ಎದುರಿನ ಬಂಡೆಗೆ ಸಾಗಿಸಿ, ಕಾಲುಗಳ ಮೇಲೆ ಮರಳು ಚೀಲ ಹೇರಿದೆ. ಮೂರನೆಯ ಸಾಲಿನಲ್ಲಿ, ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿ ಒಮ್ಮೆ ಕತ್ತಲು ತೋರಿಸಿ, ಆಮೇಲೆ ಬಿಸಿಲು ತೋರಿಸಿ ಎಂದಿದ್ದಿರಿ. ಕ್ಯಾಮೆರಾಕ್ಕೆ ಕತ್ತಲೇಕೆಂದು ನನಗೆ ತಲೆಬುಡ ತಿಳಿಯಲಿಲ್ಲ. ಬೊಮ್ಮಕ್ಕನಿಗೆ ತಕ್ಷಣ ಹೊಳೆಯಿತು; ಸನ್ನೆಕೋಲು ಹಿಡಿಯುವ ಮುಂಚೆ ಅವಳೂ ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಾಳಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನನಗಿದು ಗೊತ್ತಿರಲಿಲ್ಲ.

ಕಪ್ಪು ಸಾಲು ಓದಿ ಮಾತ್ರ ನಾನು ನಿಮ್ಮನ್ನು ಗೇಲಿ ಮಾಡಿದೆ. ‘ಚಿತ್ರ ಇರುವುದು ಕರೆಂಟು ಇರುವ ತನಕ. ಉಳಿಸಿಕೊಳ್ಳುವ ಮೊದಲೇ ವೈರು ಕಿತ್ತರೆ ಎಲ್ಲ ಹೋಯಿತು. ಎರಡನೆಯ ಬ್ಯಾಟರಿಯನ್ನೂ ಕಟ್ಟಿ. ನಾನು ಒಮ್ಮೆ ಅತ್ತಿದ್ದೇನೆ.’ ಹೊಸ ಬ್ಯಾಟರಿ ಗಟ್ಟಿಮುಟ್ಟಾಗಿರುವಾಗ ಇನ್ನೊಂದು ಯಾಕೆ, ಇವರು ಯಾರೋ ಪುಕ್ಕಲರು ಎಂದೆ. ಬೊಮ್ಮಕ್ಕ ತಲೆ ಎತ್ತದೆ, “ಬರ್ದೋರು ಸುಮ್ಕೆ ಬರ್ದಿರಲ್ಲ, ಅದ್ನೂ ಕಟ್ಟು” ಎಂದಳು. ಗೊಣಗಿಕೊಂಡೇ ಕಟ್ಟಿದೆ.

ತಡೆಯ ಕೊಕ್ಕೆ ಇರುವುದು ಆಳದ ಗುಂಡಿಯಲ್ಲಿ. ಅಲ್ಲಿಗೆ ಬಿಸಿಲು ಇಳಿಯುವುದು ನೆತ್ತಿಯ ಹೊತ್ತಿನಲ್ಲಿ ಮಾತ್ರ, ಹಾಗಾಗಿ ಜಾಗಟೆಗೆ ಸ್ವಲ್ಪ ಮುಂಚೆ ಪರೀಕ್ಷೆ ಇಟ್ಟುಕೊಂಡೆವು. ನೆರೆಕೂಟದವರು ಸಾಲಾಗಿ ನಿಂತಿದ್ದರು. ಬಂಡಿ ಬಂತು, ಅವಳು ಎಳೆದಳು, ಬಂಡಿ ನಿಂತಂತಾಗಿ ಮತ್ತೆ ಹಿಂದಕ್ಕೆ ಜಾರಿ ಮರಳು ಮೂಟೆಗಳೊಂದಿಗೆ ಕೆಳಗಿನ ತಡೆಗೋಡೆಗೆ ಬಡಿಯಿತು. ಅವಳು ಮತ್ತೆ ತನ್ನ ಅಂಗೈ ನೋಡಿಕೊಂಡಳು. ಆದ ಮೇಲೆ ಒತ್ತಿದರೆ ಆದದ್ದೆಲ್ಲ ಸಿಗುತ್ತದೆ ಎಂಬ ನಿಮ್ಮ ನಾಲ್ಕನೆಯ ಸಾಲನ್ನು ನಂಬಿ ಕ್ಯಾಮೆರಾದ ಗುಂಡಿ ಒತ್ತಿದೆ. ಅಷ್ಟರಲ್ಲಿ ಜಾಗಟೆ ಮೊಳಗಿತು. ನನ್ನ ಈ ಹಾಳು ಕೈ, ಐವತ್ತೆಂಟು ವರ್ಷದ ಅಭ್ಯಾಸದ ಕೈ, ನನ್ನನ್ನೊಂದು ಮಾತೂ ಕೇಳದೆ ಕೆಂಪು ವೈರನ್ನು ಕಿತ್ತುಹಾಕಿತು.

ಕಿತ್ತ ವೈರು ಕೈಯಲ್ಲಿ ನೇತಾಡುತ್ತಿತ್ತು. ಮತ್ತೊಂದು ಪರೀಕ್ಷೆಗೆ ಅವಕಾಶವಿಲ್ಲ. ಹೆಂಡತಿಯ ಬಾಳನ್ನು ನಾನೇ ಅಳಿಸಿಹಾಕಿದೆ ಎಂದು ಕಣ್ಣು ಮುಚ್ಚಿ ನೆಲದ ಮೇಲೆ ಕುಸಿದೆ. ಬೊಮ್ಮಕ್ಕ ಬಂದು ಭುಜ ಹಿಡಿದು ಅಲುಗಾಡಿಸಿ, “ಕಣ್ ಬಿಡು. ಇನ್ನೂ ಉರೀತೈತೆ” ಎಂದಳು. ನೋಡಿದರೆ ಪರದೆಯ ಮೂಲೆಯಲ್ಲಿ ಪುಟ್ಟ ಹಸಿರು ದೀಪ. ನಿಮ್ಮ ಎರಡನೆಯ ಬ್ಯಾಟರಿ ಎಲ್ಲವನ್ನೂ ಹಿಡಿದುಕೊಂಡು ಕೂತಿತ್ತು. ಮೊದಲು ಚಿತ್ರ ಉಳಿಸಿಕೊಂಡೆ, ಆಮೇಲೆ ಅತ್ತೆ. ಹಾಗಾಗಿ ಈ ವಿಷಯದಲ್ಲಿ ನಾವಿಬ್ಬರೂ ಸಮ.

ತಂಪುಹೊತ್ತು ಕಳೆದ ಮೇಲೆ ಎಲ್ಲರೂ ಸುತ್ತ ನೆರೆದು ನೋಡಿದೆವು. ಅವಳ ಕೈ ಇಳಿಯುತ್ತದೆ. ಕೊಕ್ಕೆ ಹಲ್ಲಿಗೆ ಕಚ್ಚುತ್ತದೆ. ಹೋದ ವರ್ಷ ಬದಲಿಸಿದ ಸ್ಪ್ರಿಂಗು ಸೋತು ಕೊಕ್ಕೆಯನ್ನು ಹಿಂದಕ್ಕೆ ಬಿಡುತ್ತದೆ. ಬಂಡಿ ಜಾರುವುದು ಆಮೇಲೆ, ಎಷ್ಟೋ ಚಿತ್ರಗಳಾದ ಮೇಲೆ. ನೆರೆಕೂಟದ ಹಿರಿಯರು ಸನ್ನೆಕೋಲಿನ ಬೀಗದ ಕೈಯನ್ನು ಅವಳ ಮುಂದೆ ಹಿಡಿದರು. ಅವಳು ತೆಗೆದುಕೊಳ್ಳಲಿಲ್ಲ, ಇನ್ನೊಮ್ಮೆ ತೋರಿಸು ಎಂದಳು. ಮೂರು ಸಲ ತೋರಿಸಿದೆ. ಮೂರೂ ಸಲ ಅವಳು ಕೊಕ್ಕೆಯನ್ನು ನೋಡಲಿಲ್ಲ, ತನ್ನ ಕೈಯನ್ನೇ ನೋಡಿದಳು. ಆಮೇಲೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದು ಎರಡು ಮುದ್ದೆ ಉಂಡಳು. ಅಬ್ಬಾ, ಆ ಎರಡನೆಯ ಮುದ್ದೆ ಮುರಿಯುವುದನ್ನು ಕಂಡಾಗ ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಸ್ಪ್ರಿಂಗು ಬದಲಾಗಿದೆ. ಬಂಡಿ ಓಡುತ್ತಿದೆ. ನಿನ್ನೆ ಕಿಟಕಿ ಜಾಗಕ್ಕೆ ಜಗಳವೂ ಆಯಿತು.

ಈಗ ನನ್ನ ಕೋರಿಕೆ. ಆ ಕಪ್ಪು ಸಾಲನ್ನು ನಾನು ದಿನವೂ ನೋಡುತ್ತೇನೆ. ನೀಲಿ ಪೆನ್ನಿನಲ್ಲಿ ನಾಲ್ಕು ಸಾಲು ಬರೆದು, ಪೆಟ್ಟಿಗೆ ಮುಚ್ಚಿ, ನೀವು ಮನೆಗೆ ಹೊರಟಿರಬೇಕು. ಬಾಗಿಲ ತನಕ ಹೋದ ಮೇಲೆ ಏನೋ ನೆನಪಾಗಿ ಹಿಂದಿರುಗಿ, ಸಿಕ್ಕ ಪೆನ್ನಿನಲ್ಲಿ ಐದನೆಯದನ್ನು ಸೇರಿಸಿದ್ದೀರಿ. ಇನ್ನೂರು ವರ್ಷ ಹಿಂದಿನ ನಿಮ್ಮನ್ನು ಈ ಕಾಗದ ತಲುಪೀತೋ ಇಲ್ಲವೋ, ತಲುಪಿದರೂ ಯಾವ ದಿನವೋ ತಿಳಿಯದು. ಒಂದು ವೇಳೆ ನೀವಿನ್ನೂ ಬಾಗಿಲ ಬಳಿಯೇ ಇದ್ದು, ದಣಿದು, ಅಷ್ಟೊಂದೇಕೆ, ಯಾರು ಓದುತ್ತಾರೆ ಎಂದುಕೊಳ್ಳುತ್ತಿದ್ದರೆ, ದಯವಿಟ್ಟು ಹಿಂದಿರುಗಿ. ನಾವು ಓದುತ್ತೇವೆ. ಬೊಮ್ಮಕ್ಕ ಓದುತ್ತಾಳೆ.

ನಿಮ್ಮ ಋಣಿ,
ಪಾಲಯ್ಯ